ಬೀಗರ ಮನೆಯ ದಾರಿ ಹಿಡಿದ ಗುರುಶಾಂತವ್ವ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಹತ್ತು ಹನ್ನೆರಡು ವರ್ಷಗಳ ಹಿಂದೆ ಜಲಪಾತ ನೋಡಲೆಂದು ಬಂದವರಿಗೆ ತಂಗಲು ಎರಡೇ ಜಾಗಗಳಿದ್ದವು. ಸರಕಾರಿ ಅಧಿಕಾರಿಯಾಗಿದ್ದರೆ ಬಂಗಲೆ, ನೆಂಟರಿದ್ದರೆ ನೆಂಟರ ಮನೆ. ಈ ಎರಡೂ ಇಲ್ಲದವರು ಬೆಳಗಿನ ಬಸ್ಸಿಗೆ ಬಂದು, ಬಿಸ್ಕೀಟು ತಿಂದು, ಸಂಜೆಯ ಬಸ್ಸಿಗೆ ಹಸಿದುಕೊಂಡೇ ಹಿಂದಿರುಗುತ್ತಿದ್ದರು. ಇಂದು ಹುಬ್ಬಳ್ಳಿ ಧಾರವಾಡದ ಕಡೆಯ ಕುಟುಂಬಗಳು ಮಕ್ಕಳುಮರಿಯೊಂದಿಗೆ ಬಂದು ನಾಲ್ಕು ದಿನ ನಿಂತು ಹೋಗುತ್ತಿವೆಯೆಂದರೆ, ಅದರ ಹಿಂದೆ ಹಲವರ ದುಡಿಮೆಯಿದೆ. ಆದರೆ ಮೊದಲ ಹೆಜ್ಜೆಯಿಟ್ಟವರು ಯಾರೆಂದು ಕೇಳಿದರೆ ಶಿರಸಿಯ ಬಸ್ ನಿಲ್ದಾಣದ ಹಿಂದಿನ ಓಣಿಯತ್ತ ಎಲ್ಲರೂ ಬೆರಳು ತೋರಿಸುತ್ತಾರೆ. ಅಲ್ಲಿನ ಖಾನಾವಳಿ ಮತ್ತು ವಸತಿಗೃಹದ ಒಡತಿ ಶ್ರೀಮತಿ ಗುರುಶಾಂತವ್ವನವರಿಗೆ ಈ ವರ್ಷ, 1969ರಲ್ಲಿ, ಅರುವತ್ತು ತುಂಬುತ್ತಿದೆ. ಯುಗಾದಿಯಿಂದ ದಿನದ ಆಡಳಿತವನ್ನು ಸೊಸೆ ಜಯಾ ಅವರಿಗೆ ಬಿಟ್ಟುಕೊಡುತ್ತಿರುವ ಈ ಹೊತ್ತಿನಲ್ಲಿ, ಅವರ ಉದ್ಯೋಗವು ಉಳಿಯುವುದೋ ಅಳಿಯುವುದೋ ಎಂಬಂತೆ ತೂಗಾಡಿದ ಒಂದು ದಿನವನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಬನವಾಸಿ ಕಡೆಯ ಶೈವ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ಗುರುಶಾಂತವ್ವನವರು ಮದುವೆಯಾಗಿ ಶಿರಸಿಗೆ ಬಂದರು. ಪತಿ ಶಿವಲಿಂಗಪ್ಪನವರದು ಗೋಣಿಚೀಲದ ವ್ಯಾಪಾರ. ಅಡಿಕೆ ತುಂಬುವ ಚೀಲ, ಹೊಲಿಯುವ ದಬ್ಬಳ, ಕಟ್ಟುವ ಹುರಿಗೆ ಸುತ್ತಲಿನ ತೋಟಿಗರೆಲ್ಲ ಅವರ ಅಂಗಡಿಗೇ ಬರುತ್ತಿದ್ದರು. ಮನೆಯ ಮುಂಭಾಗದಲ್ಲಿ ಗುರುಶಾಂತವ್ವನವರು ರೊಟ್ಟಿಯ ಖಾನಾವಳಿ ಇಟ್ಟರು. 1956ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಓಡಾಟದ ದಿಕ್ಕೇ ಬದಲಾಯಿತು. ರೊಟ್ಟಿ ತಿನ್ನಲು ಕುಳಿತ ಹೊಸಬರು "ಜೋಗಕ್ಕ ಹೊಂಟೀವಿ, ರಾತ್ರಿ ಎಲ್ಲಿರೋಣ್ರಿ?" ಎಂದು ಕೇಳತೊಡಗಿದರು. ಉಳಿದವರು ಆ ಪ್ರಶ್ನೆಗೆ "ಎಲ್ಲೂ ಇಲ್ಲ" ಎಂದು ಉತ್ತರಿಸಿ ಸುಮ್ಮನಾದರೆ, ಗುರುಶಾಂತವ್ವನವರು ಗಂಡನ ಗೋದಾಮನ್ನು ನೋಡಿದರು.

ಹೊಸದಾಗಿ ಕಟ್ಟಿಸುವ ಅನುಕೂಲ ಅವರಿಗಿರಲಿಲ್ಲ, ಇದ್ದುದನ್ನು ಬೇರೆ ಕಣ್ಣಿನಿಂದ ನೋಡುವ ಬುದ್ಧಿ ಮಾತ್ರ ಇತ್ತು. ಗೋದಾಮನ್ನು ಬಿದಿರು ತಟ್ಟಿಯಿಂದ ಕೋಣೆಗಳಾಗಿ ವಿಂಗಡಿಸಿದರು. ಒಳ್ಳೆಯ ಗೋಣಿಗಳನ್ನು ಬಿಸಿನೀರಿನಲ್ಲಿ ತೊಳೆದು, ಒಣಹುಲ್ಲು ತುಂಬಿ, ಮೇಲೆ ಹತ್ತಿಯ ಹಚ್ಚಡ ಹೊಲಿದು ಹಾಸಿಗೆ ಮಾಡಿದರು. ಮದುವೆ ಇಲ್ಲದ ತಿಂಗಳುಗಳಲ್ಲಿ ಮಠದ ಹಂಡೆ, ಕೊಪ್ಪರಿಗೆಗಳು ಸುಮ್ಮನೆ ಮೂಲೆ ಸೇರಿರುತ್ತಿದ್ದವು. ಅವನ್ನು ಕೇಳಿ ತಂದು ಸ್ನಾನದ ನೀರಿಗಿಟ್ಟರು. ನಾಗಪತಿ ಎಂಬ ಬ್ರಾಹ್ಮಣ ತರುಣರ ಬಳಿ ಹಳೆಯ ಮಿಲಿಟರಿ ಜೀಪಿತ್ತು. ಅವರನ್ನು ಜೊತೆಗೆ ಸೇರಿಸಿಕೊಂಡರು.

ಇನ್ನುಳಿದದ್ದು ದಾರಿಯ ಊಟ. ಮಾಗೋಡ ಜಲಪಾತ ನೋಡುವವರು ಯಲ್ಲಾಪುರದಾಚೆ ಎಲ್ಲಿ ಉಣ್ಣಬೇಕು? ಬರುವವರಲ್ಲಿ ಹಲವರಿಗೆ ತೋಟಿಗರ ಮನೆಯ ಊಟ ಉಣ್ಣುವ ಆಸೆ. ವಯಸ್ಸಾದ ಕೆಲವರಿಗೆ ಅಂಥ ಬ್ರಾಹ್ಮಣ ಮನೆಯ ಊಟವಲ್ಲದೆ ಬೇರೆ ಸಲ್ಲದು. ಗೋಣಿಯ ಅಂಗಡಿಗೆ ಬರುತ್ತಿದ್ದ ಇಡಗುಂದಿಯ ಕಮಲಾಕರ ಹೆಗಡೆಯವರ ಮುಂದೆ ಗುರುಶಾಂತವ್ವನವರು ಈ ಮಾತು ತೆಗೆದರು. ಅನ್ನ ಮಾರುವ ಮನೆತನವಲ್ಲವೆಂದು ಹೆಗಡೆಯವರು ಹಿಂಜರಿದರು. "ಮಾರಬ್ಯಾಡ್ರಿ ಹೆಗಡೇರ, ಉಣಸ್ರಿ. ಉಣಿಸಿದ ಮನಿಗೆ ವರ್ಷದ ಗೋಣಿಚೀಲ ನಮ್ಮ ಅಂಗಡಿಯಿಂದ ಬರ್ತಾವು" ಎಂದರು ಇವರು. ಹಾಗೆ ಏರ್ಪಾಡಾಯಿತು. ನಂಬಿಕೆಯ ಪ್ರಶ್ನೆಯಾದ್ದರಿಂದ ಹೆಗಡೆಯವರು ಪರಕೀಯರನ್ನು ಸೇರಿಸದೆ, ಇಡಗುಂದಿಯಲ್ಲಿನ ತಮ್ಮದೇ ಕುಟುಂಬದ ಏಳು ಮನೆಗಳನ್ನು ಆರಿಸಿದರು. ನೋಡಲು ಇದಕ್ಕಿಂತ ಭದ್ರವಾದ ವ್ಯವಸ್ಥೆ ಇನ್ನೊಂದಿರಲಿಲ್ಲ.

1959ರ ಡಿಸೆಂಬರಿನಲ್ಲಿ ಮೊದಲ ದೊಡ್ಡ ತಂಡ ಗೊತ್ತಾಯಿತು. ಧಾರವಾಡದ ನಿವೃತ್ತ ಶಿಕ್ಷಕರು, ಅವರ ಮನೆಯವರು, ಒಂದು ಬಸ್ಸು ತುಂಬ ನಲವತ್ತು ಜನ. ಮುಂದಾಳು ಪರಮೇಶ್ವರಪ್ಪನವರು ಶಾಲಾ ತಪಾಸಣಾಧಿಕಾರಿಯಾಗಿದ್ದವರು, ತೂಗಿ ನೋಡಿ ಮಾತಾಡುವವರು. ಈ ಪ್ರವಾಸ ಸರಿಹೋದರೆ ತಮ್ಮ ಸಂಘದವರನ್ನು ಪ್ರತಿ ರಜೆಯಲ್ಲೂ ಶಿರಸಿಗೇ ಕಳಿಸುವುದಾಗಿಯೂ, ಸರಿಹೋಗದಿದ್ದರೆ ಮೊದಲಿನಂತೆ ಸಾಗರದ ಮೇಲಿನಿಂದ ಜೋಗಕ್ಕೆ ಹೋಗುವುದಾಗಿಯೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆ ವೇಳೆಗೆ ಗೋದಾಮಿನಲ್ಲಿ ಗೋಣಿಗೆ ಜಾಗ ಉಳಿದಿರಲಿಲ್ಲ. ಗಂಡನ ವ್ಯಾಪಾರ ಅರ್ಧಕ್ಕಿಳಿದಿತ್ತು. ಈ ಬಸ್ಸು ಕೈತಪ್ಪಿದರೆ ತಟ್ಟಿಗಳನ್ನು ಕಿತ್ತು ಮತ್ತೆ ಗೋಣಿ ಜೋಡಿಸುವುದೆಂದು ಶಿವಲಿಂಗಪ್ಪನವರು ಹೆಂಡತಿಗೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ತಿಳಿಸಿದ್ದರು.

ತಂಡ ಬರುವ ದಿನ ಗುರುಶಾಂತವ್ವನವರು ನಾಗಪತಿಯ ಜೀಪಿನಲ್ಲಿ ಬೆಳಿಗ್ಗೆಯೇ ಯಲ್ಲಾಪುರ ಸೇರಿದರು. ರೊಟ್ಟಿಯೇ ಬೇಕೆನ್ನುವವರಿಗಾಗಿ ಅಡುಗೆಯ ಮುರಿಗೆವ್ವ ಬುಟ್ಟಿಯೊಡನೆ ಹಿಂದೆ ಕುಳಿತಿದ್ದಳು. ಬಸ್ ನಿಲ್ದಾಣದ ಆಚೆ ಬದಿಯಲ್ಲಿ ಕಮಲಾಕರ ಹೆಗಡೆಯವರು ಬರಿಮೈಗೆ ಪಂಚೆ ಹೊದ್ದು, ಬರಿಗಾಲಿನಲ್ಲಿ ನಿಂತಿದ್ದರು. ಇವರು ರಸ್ತೆ ದಾಟಿ ಅವರ ಬಳಿ ಹೋಗಲು ನೋಡಿದರೆ ಅವರು ಕೈಯೆತ್ತಿ ತಡೆದರು.

"ಹತ್ತಿರ ಬರಬೇಡಿ ಅಕ್ಕ. ದೊಡ್ಡಪ್ಪ ಹೋದ."

"ಅಯ್ಯ ಶಿವನ! ಯಾವಾಗ್ರಿ?"

"ಬೆಳಗಾಗುವಾಗ. ಮಲಗಿದಲ್ಲೇ."

"ಹಂಗಾದ್ರ ನೀವು ಇಲ್ಲಿ ಯಾಕ ನಿಂತೀರಿ? ಮೊದಲ ಮನಿಗೆ ಹೋಗ್ರಿ. ಒಂದ ಮನ್ಯಾಗ ಊಟ ಇಲ್ಲಂದ್ರ ಉಳದ ಆರು ಮನಿ ಅದಾವಲ್ಲ, ನಾನು ಹೊಂದಿಸ್ತೀನಿ."

ಹೆಗಡೆಯವರು ತಲೆಯಲ್ಲಾಡಿಸಿದರು. "ಅದನ್ನೇ ಹೇಳಲಿಕ್ಕೆ ಓಡಿ ಬಂದೆ. ಆರು ಮನೆಯೂ ಇಲ್ಲ. ಏಳಕ್ಕೂ ಸೂತಕ."

"ಒಬ್ಬರು ಸತ್ರ ಏಳು ಮನಿ ಒಲಿ ಆರತೈತೇನ್ರಿ?"

"ಒಲೆ ಆರುವುದಿಲ್ಲ. ನಾವು ಉಣ್ಣಬಹುದು, ಹೊರಗಿನವರಿಗೆ ಬಡಿಸುವ ಹಾಗಿಲ್ಲ. ಎಲ್ಲ ದಾಯಾದಿಗಳು. ಹತ್ತು ದಿನ."

ವಿಜ್ಞಾನ ಓದಿದವರಿಗೆ ಒಂದರ ಹಿಂದೊಂದು ಒಂದೇ ತಂತಿಯಲ್ಲಿ ಜೋಡಿಸಿದ ದೀಪಗಳ ಪಾಠ ನೆನಪಿರಬಹುದು. ಒಂದು ಆರಿದರೆ ಸಾಲೇ ಆರುತ್ತದೆ. ಇಡಗುಂದಿಯ ಏರ್ಪಾಡು ಅಂಥದ್ದಾಗಿತ್ತು. ಹೆಗಡೆಯವರಿಗೆ ಸೂತಕವು ಗಾಳಿಯಂತೆ ಸದಾ ಇರುವ ಸಂಗತಿಯಾದ್ದರಿಂದ ಅದು ಯೋಚನೆಗೆ ಬಂದಿರಲಿಲ್ಲ. ಗುರುಶಾಂತವ್ವನವರ ಶರಣ ಸಂಪ್ರದಾಯದ ಮನೆಯಲ್ಲಿ ಸೂತಕವನ್ನು ಮನ್ನಿಸುವ ಪದ್ಧತಿಯೇ ಇಲ್ಲವಾದ್ದರಿಂದ ಅವರಿಗೂ ಅದು ಹೊಳೆದಿರಲಿಲ್ಲ. ಹೀಗೆ ಬಲ್ಲವರೂ ಅರಿಯದವರೂ ಕೂಡಿ ಒಂದೇ ತಪ್ಪು ಮಾಡಿದ್ದರು. ಧಾರವಾಡದಿಂದ ಹೊರಟ ಬಸ್ಸು ಆಗಲೇ ದಾರಿಯಲ್ಲಿತ್ತು.

ನಾಗಪತಿಗೆ ಉಪಾಯ ಹೊಳೆಯಿತು. "ಇದಕ್ಕೆಂತ ಚಿಂತೆ? ಮುರಿಗೆವ್ವ ಇಲ್ಲೇ ಅನ್ನ ಸಾರು ಮಾಡಲಿ. ಅಂಗಿ ತೆಗೆದು, ಜನಿವಾರ ಕಾಣೋ ಹಾಂಗೆ ಪಂಚೆ ಉಟ್ಟು, ಆನೇ ಬಡಿಸ್ತಿ. ಹೆಗಡೆ ಮನೆ ಊಟ ಅಂದ್ರಾತು. ಧಾರವಾಡದವ್ಕೆ ಎಂತ ಗೊತ್ತಾಗ್ತು?"

"ಚೊಲೋ ಹೇಳಿದಿ," ಎಂದಳು ಮುರಿಗೆವ್ವ, "ನಿನ್ನ ಮಂತ್ರ ಕೇಳಿದ್ರ ಸಾರು ಹುಳಿಯಾದೀತು."

ಗುರುಶಾಂತವ್ವನವರು ನಗಲಿಲ್ಲ. ಆ ಉಪಾಯದಲ್ಲಿ ಬಸ್ಸು ಉಳಿಯುತ್ತಿತ್ತು, ಗೋದಾಮಿನ ಕೋಣೆಗಳು ಉಳಿಯುತ್ತಿದ್ದವು. ಅದು ಅವರಿಗೆ ಚೆನ್ನಾಗಿಯೇ ಕಂಡಿತ್ತು. ಸೂತಕದಲ್ಲಿ ಅವರಿಗೆ ನಂಬಿಕೆಯೂ ಇರಲಿಲ್ಲ. ಆದರೂ ಹೇಳಿದರು: "ಆಗೂದಿಲ್ಲ ನಾಗಪತಿ. ನನಗ ಸೂತಕ ಇಲ್ಲ, ಅವರಿಗೆ ಐತಿ. ಮತ್ತ ಒಂದು ಮಾತು: ನನ್ನ ಅನ್ನ ಉಣ್ಣವರು ನನ್ನ ಅನ್ನ ಅಂತ ತಿಳದ ಉಣ್ಣಬೇಕು. ಬ್ಯಾರೇದವರ ಹೆಸರು ಹೊದಿಸಿ ಉಣಸಾಕ ಅದೇನು ಕದ್ದ ಅನ್ನ ಅಲ್ಲ."

ಬಳಿಕ ಹೆಗಡೆಯವರತ್ತ ತಿರುಗಿ, ಈ ಸೀಮೆಯ ಪ್ರವಾಸೋದ್ಯೋಗದ ದಿಕ್ಕು ಬದಲಿಸಿದ ಪ್ರಶ್ನೆಯನ್ನು ಕೇಳಿದರು.

"ಹೆಗಡೇರ, ನಿಮ್ಮ ಹೇಣ್ತಿ ತವರಮನಿಗೂ ಈ ಸೂತಕ ಹತ್ತತೈತೇನ್ರಿ?"

"ದೇವಿಯ ತವರಿಗಾ? ಅವರಿಗೆಂತಕ್ಕೆ? ಅವರದು ಬೇರೆ ಗೋತ್ರ." ಹೇಳುತ್ತಲೇ ಹೆಗಡೆಯವರಿಗೆ ಪ್ರಶ್ನೆಯ ಗುರಿ ಅರ್ಥವಾಯಿತು. "ಅಕ್ಕ, ನಂದೊಳ್ಳಿಗೆ ಮಾತ್ರ ಹೋಗಬೇಡಿ. ಅತ್ತೆಯ ಬಾಯಿ ನಿಮಗೆ ಗೊತ್ತಿಲ್ಲ."

ಗೊತ್ತಿರಲಿಲ್ಲವೆಂದಲ್ಲ. ಪ್ರವಾಸಿಗಳ ಊಟದ ಸುದ್ದಿ ಹರಡಿದಾಗ, ಒಂದು ಮುಂಜಿಯ ಪಂಕ್ತಿಯಲ್ಲಿ ನೂರು ಜನರ ಮುಂದೆ, ನಂದೊಳ್ಳಿಯ ಸೀತಮ್ಮನವರು "ಮಗಳನ್ನ ಮನೆಗೆ ಕೊಟ್ಟಿದ್ಯನ, ಖಾನಾವಳಿಗೆ ಕೊಟ್ಟಿದ್ಯನ?" ಎಂದು ಅಳಿಯನನ್ನು ಕೇಳಿದ್ದರು. ಅಂದಿನಿಂದ ಕಮಲಾಕರ ಹೆಗಡೆಯವರು ಮಾವನ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಏಳು ಮನೆಗಳ ಆಯ್ಕೆ ಕುಟುಂಬದೊಳಗೇ ಉಳಿದದ್ದಕ್ಕೆ ನಂಬಿಕೆಯಷ್ಟೇ ಈ ಮುನಿಸೂ ಕಾರಣವಾಗಿತ್ತು.

ಹೆಗಡೆಯವರನ್ನು ಸಂಸ್ಕಾರಕ್ಕೆ ಕಳಿಸಿ ಗುರುಶಾಂತವ್ವನವರು ನಂದೊಳ್ಳಿಗೆ ಹೊರಟರು.  ಸೀತಮ್ಮನವರ ಯಜಮಾನರು ಸಾವಿನ ಮನೆಗೆ ಹೋಗಿಯಾಗಿತ್ತು. ಜಗಲಿಯ ಮೇಲೆ ನಿಂತ ಸೀತಮ್ಮನವರು ಜೀಪನ್ನೂ ಅದರಿಂದಿಳಿದವರನ್ನೂ ನೋಡಿ, ಪರಿಚಯ ಕೇಳಿದ ಮೇಲೆ, ಸೆರಗು ಬಿಗಿದುಕೊಂಡರು.

"ಓಹೋ, ಎಮ್ಮನೆ ಅಳಿಯಂಗೆ ಖಾನಾವಳಿ ದೀಕ್ಷೆ ಕೊಟ್ಟವ್ರು ನಿಂಗವೇಯಾ? ಇವತ್ತು ಆ ಮನೇಲಿ ಎಂತ ಆಯ್ದು ಗೊತ್ತಿದ್ದಾ?"

"ಗೊತ್ತಾತ್ರಿ ತಾಯಿ. ಅದಕ್ಕ ಬಂದೀನಿ." ಅಂಗಳದಲ್ಲೇ ನಿಂತು ಗುರುಶಾಂತವ್ವನವರು ಎಲ್ಲವನ್ನೂ ಇದ್ದಂತೆ ಹೇಳಿದರು.

"ಎಮ್ಮನೇಲಿ ಅನ್ನ ಮಾರದಿಲ್ಲೆ."

"ಇಡಗುಂದ್ಯಾಗೂ ಯಾರೂ ಮಾರಿಲ್ಲರಿ. ಗೋಣಿಚೀಲ ಒಯ್ದಾರ."

"ಸಾವಿನ ದಿನ ಬೀಗರ ಮನೇಲಿ ಹಬ್ಬ ಮಾಡಿದ್ದ ಹೇಳಿ ಊರವ್ವು ಆಡ್ಕತ್ತ."

"ಹಬ್ಬ ಬ್ಯಾಡ್ರಿ. ಸಿಹಿ ಬ್ಯಾಡ. ಅನ್ನ, ಸಾರು, ಮಜ್ಜಿಗಿ. ಹಸದವರಿಗೆ ಇಷ್ಟ."

ಸೀತಮ್ಮನವರು ನೆಟ್ಟ ನೋಟದಿಂದ ನೋಡಿದರು. "ನಿಂಗಕ್ಕೆ ಸೂತಕ ಇಲ್ಯಲಿ. ನಿಂಗವೇ ಬೇಯ್ಸಿ ಹಾಕಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಈ ನಾಗಪತಿಗೆ ಗೊತ್ತಾಗ್ತಿತ್ತಲ್ಲರಿ. ಇವನ ಬಾಯಿ ಜೀಪಿನ ಹಾರ್ನ್ ಇದ್ದಂಗ, ಒಮ್ಮೆ ಹತ್ತಿದ್ರ ಬಿಡೂದಿಲ್ಲ."

ಸೀತಮ್ಮನವರ ತುಟಿಯಂಚು ಅಲುಗಿತು, ನಗೆಯೆಂದು ಹೇಳುವಷ್ಟಲ್ಲ. "ಎಷ್ಟು ಜನ ಇದ್ದ?"

"ನಲವತ್ತು ಮಂದಿರಿ."

"ಎನ್ನ ಒಂದು ಒಲೆಗೆ ಆಗ್ತಿಲ್ಲೆ." ಅವರು ಒಳಗೆ ಮುಖಮಾಡಿ ಸೊಸೆಯನ್ನು ಕರೆದರು. "ತಂಗೀ, ಮೂಲೆಮನೆಗೆ ಹೇಳಿಕಳ್ಸು, ಹೊಸಮನೆಗೂ ಹೇಳು. ಕೆಳಗಿನ ಮನೆ ಬ್ಯಾಡ, ಅವು ಇಡಗುಂದಿಯವ್ಕೆ ದಾಯಾದಿ, ಅವಕ್ಕೂ ಸೂತಕ ಇದ್ದು." ಮತ್ತೆ ಅಂಗಳದತ್ತ ತಿರುಗಿ, "ಆನು ಅನ್ನ ಮಾಡ್ತಿ. ಅವು ಉಂಬ ಜವಾಬ್ದಾರಿ ಎನ್ನದ್ದಲ್ಲ" ಎಂದರು.

ಅರ್ಧ ಕೆಲಸ ಆಗಿತ್ತು. ಕಷ್ಟದ ಅರ್ಧ ಉಳಿದಿತ್ತು. ಬಸ್ಸು ಬಂದು ಯಲ್ಲಾಪುರದಲ್ಲಿ ನಿಂತಾಗ ಗುರುಶಾಂತವ್ವನವರು ಪರಮೇಶ್ವರಪ್ಪನವರನ್ನು ಪಕ್ಕಕ್ಕೆ ಕರೆಯಲಿಲ್ಲ. ಬಸ್ಸಿನ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, ಗೊತ್ತು ಮಾಡಿದ ಮನೆಗಳಿಗೆ ಸೂತಕ ಬಂದುದನ್ನೂ, ಬೇರೆ ಮನೆಗಳನ್ನು ಹಿಡಿದುದನ್ನೂ, ಊಟ ತಡವಾಗುವುದನ್ನೂ, ಸಾದಾ ಆಗಿರುವುದನ್ನೂ ತಿಳಿಸಿದರು. ಒಳಗೆ ಗದ್ದಲವೆದ್ದಿತು. ಭಾಗೀರಥಿಬಾಯಿ ಎಂಬ ಹಿರಿಯರು, ಮಡಿಯ ವಿಷಯದಲ್ಲಿ ತಂಡದವರೆಲ್ಲ ಅಂಜುತ್ತಿದ್ದವರು, ಕಿಟಕಿಯಿಂದಲೇ ಹೇಳಿದರು: "ಏನವಾ ಇದು, ಕಾಲಿಡೂದ್ರಾಗ ಸಾವಿನ ಸುದ್ದಿ! ತಿರುಗಸ್ರಿ ಬಸ್ಸು."

ಪರಮೇಶ್ವರಪ್ಪನವರು ಕನ್ನಡಕ ತೆಗೆದು ಒರೆಸಿದರು. "ಗುರುಶಾಂತವ್ವಾರ, ನೀವು ಹೇಳದಿದ್ರ ನಮಗ ತಿಳೀತಿದ್ದಿಲ್ಲ. ಯಾಕ ಹೇಳಿದ್ರಿ?"

"ಎಲಿ ಮುಂದ ಕುಂತ ಮ್ಯಾಲೆ ಹೇಳಾಕ ಬರೂದಿಲ್ಲರಿ. ಈಗಾದ್ರ ಬಸ್ಸು ಮುಂದೂ ಹೋಗತೈತಿ, ಹಿಂದೂ ಹೋಗತೈತಿ."

ಅಷ್ಟು ಹೇಳಿ ಅವರು ದೂರ ಸರಿದು ನಿಂತರು. ಬೇಡಿಕೊಳ್ಳಲಿಲ್ಲ. ಒಳಗೆ ವಾದ ನಡೆಯಿತು. ಚಾಲಕನು ಎಂಜಿನ್ ನಿಲ್ಲಿಸದೆ ಕಾದ. ಇಷ್ಟು ದೂರ ಬಂದು ನೀರು ಬೀಳುವುದನ್ನಾದರೂ ನೋಡಬೇಕೆಂದು ಕಿರಿಯರು ಹಟ ಹಿಡಿದರು. ಕೊನೆಗೆ ಪರಮೇಶ್ವರಪ್ಪನವರು ಹೇಳಿದ್ದಿಷ್ಟು: ಮಾಗೋಡ ನೋಡುವುದು, ನಂದೊಳ್ಳಿಯ ಮನೆಯನ್ನು ಹಿರಿಯರು ವಿಚಾರಿಸುವುದು. ಅವರಿಗೆ ಒಪ್ಪಿಗೆಯಾದರೆ ಊಟ, ಬಳಿಕ ಶಿರಸಿ. ಇಲ್ಲವಾದರೆ ಅಲ್ಲಿಂದಲೇ ಧಾರವಾಡಕ್ಕೆ ವಾಪಸು.

ಜಲಪಾತದ ಬಳಿ ಎಲ್ಲರೂ ಕಣಿವೆಯತ್ತ ಬೆರಗಾಗಿ ನೋಡುತ್ತಿದ್ದಾಗ ಗುರುಶಾಂತವ್ವನವರು ಭಾಗೀರಥಿಬಾಯಿಯವರ ಮುಖವನ್ನೇ ನೋಡುತ್ತಿದ್ದರಂತೆ. ಆ ಮುಖ ಏನನ್ನೂ ಹೇಳುತ್ತಿರಲಿಲ್ಲ.

ನಂದೊಳ್ಳಿಯಲ್ಲಿ ಎಲೆ ಹಾಸಿಯಾಗಿತ್ತು. ಯಾರೂ ಕೂರಲಿಲ್ಲ. ಭಾಗೀರಥಿಬಾಯಿಯವರು ಜಗಲಿಯೇರಿ ಸೀತಮ್ಮನವರ ಎದುರು ನಿಂತರು. ಆ ಕಾಲದ ರೂಢಿಯಂತೆ ಗುರುಶಾಂತವ್ವನವರು ಅಂಗಳದಾಚೆ, ಜೀಪಿನ ಬಳಿಯೇ ಉಳಿದಿದ್ದರು. ಅವರಿಗೆ ಮಾತು ಕೇಳುತ್ತಿತ್ತು, ಮುಖಗಳು ಕಾಣುತ್ತಿರಲಿಲ್ಲ.

"ಸತ್ತವರು ನಿಮಗ ಏನಾಗಬೇಕ್ರಿ?"

"ಮಗಳ ಮಾವನ ಅಣ್ಣ."

"ಹಂಗಾದ್ರ ನಿಮಗ ಸೂತಕ ಇಲ್ಲಾ?"

"ಸೂತಕ ಇಲ್ಲೆ," ಎಂದರು ಸೀತಮ್ಮ. "ದುಃಖ ಇದ್ದು."

 ಮುರಿಗೆವ್ವ ಬುಟ್ಟಿಯ ಮೇಲಿನ ಅರಿವೆಯನ್ನು ಸುಮ್ಮನೆ ತೆಗೆದು ಮುಚ್ಚುತ್ತಿದ್ದಳು. ಭಾಗೀರಥಿಬಾಯಿಯವರು ಹಿಂದೆ ಸರಿದ ಹೆಜ್ಜೆಯ ಸದ್ದು ಕೇಳಿಸಿತು. ಹೊರಟೇಬಿಟ್ಟರೆಂದು ನಾಗಪತಿ ಜೀಪಿನ ಬಾಗಿಲಿಗೆ ಕೈಹಾಕಿದರು. ಆದರೆ ಅವರು ಹೋದದ್ದು ಕಾಲು ತೊಳೆಯಲು ನೀರಿದ್ದ ಕಡೆಗೆ. ಕಾಲು ತೊಳೆದು ಬಂದು ಮೊದಲನೆಯ ಎಲೆಯ ಮುಂದೆ ಕುಳಿತರು. "ಕೂಡ್ರಿ ಎಲ್ಲಾರೂ," ಎಂದರು. "ಮನಸಿನ್ಯಾಗ ನೋವಿಟ್ಟುಕೊಂಡು ನಮಗ ಅನ್ನಾ ಮಾಡ್ಯಾರ. ಅನ್ನಾ ಆರಗೊಡಬ್ಯಾಡ್ರಿ."

ಪಂಕ್ತಿ ಮುಗಿದ ಮೇಲೆ ಸೀತಮ್ಮನವರು ಜೀಪಿನವರೆಗೂ ಬಂದರು. ಗುರುಶಾಂತವ್ವನವರು ಆಗ ತಮ್ಮ ರೊಟ್ಟಿಯ ಗಂಟು ಬಿಚ್ಚಿದ್ದರು. "ಮುಂದಿನ ಸಲ ಹಿಂದಿನ ದಿನವೇ ಹೇಳಿಕಳ್ಸಿ," ಎಂದರು ಸೀತಮ್ಮ, ಮುಖ ಬಿಗಿದುಕೊಂಡೇ. "ತಂಬ್ಳಿ ಇಲ್ದೇ ಬಡ್ಸಿ ಎನ್ನ ಮರ್ಯಾದೆ ಹೋತು."

ಆ ಸಂಜೆ ಬಸ್ಸು ಶಿರಸಿಗೆ ಬಂತು. ಗೋಣಿಯ ಹಾಸಿಗೆಗಳ ಮೇಲೆ ಜನ ಮಲಗಿದರು. ಮರುದಿನ ಸಿದ್ದಾಪುರದ ಮೇಲಿನಿಂದ ಜೋಗ ನೋಡಿ ಬಂದು, ಹೊರಡುವ ಮುನ್ನ ಪರಮೇಶ್ವರಪ್ಪನವರು ಮೆಚ್ಚುಗೆಯ ಮಾತು ಹೆಚ್ಚೇನೂ ಆಡಲಿಲ್ಲ. ಬೇಸಿಗೆ ರಜೆಗೆ ಎರಡು ಬಸ್ಸುಗಳಿಗೆ ಜಾಗವಿರುವುದೇ ಎಂದಷ್ಟೇ ಕೇಳಿದರು. ಶಿವಲಿಂಗಪ್ಪನವರು ಹೆಂಡತಿಯ ಬದಲು ತಾವೇ "ಐತ್ರಿ" ಎಂದರು.

ಆ ದಿನದ ತಪ್ಪಿನಿಂದ ಗುರುಶಾಂತವ್ವನವರು ಕಲಿತದ್ದನ್ನು ಇಂದು ಈ ಕಸುಬಿನವರೆಲ್ಲ ಪಾಲಿಸುತ್ತಾರೆ. ಒಂದು ಪ್ರವಾಸಕ್ಕೆ ಒಂದೇ ಕುಟುಂಬದ ಎರಡು ಮನೆಗಳನ್ನು ಗೊತ್ತು ಮಾಡಬಾರದು. ಮಗಳನ್ನು ಕೊಟ್ಟ ಊರು, ಸೊಸೆಯನ್ನು ತಂದ ಊರು, ಹೀಗೆ ಬೀಗತನದ ದಾರಿ ಹಿಡಿದು ಮನೆಗಳನ್ನು ಹುಡುಕಬೇಕು. ಆ ದಾರಿಯಲ್ಲಿಯೇ ಅವರು ನಂದೊಳ್ಳಿಯಿಂದ ಶಿರಸಿಯ ಮತ್ತಿಘಟ್ಟಕ್ಕೂ, ಅಲ್ಲಿಂದ ಸಿದ್ದಾಪುರದ ಹಳ್ಳಿಗಳಿಗೂ ಹೋದರು. ಹತ್ತು ವರ್ಷಗಳಲ್ಲಿ ಮೂರು ತಾಲೂಕುಗಳ ಮನೆಗಳು ಈ ಜಾಲಕ್ಕೆ ಸೇರಿವೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಕಮಲಾಕರ ಹೆಗಡೆಯವರು ಸೂತಕ ಕಳೆದ ಮೇಲೆ ಹೆಂಡತಿಯೊಡನೆ ನಂದೊಳ್ಳಿಗೆ ಹೋದರು. ಅತ್ತೆ ಅಳಿಯಂದಿರ ನಡುವೆ ಏನು ಮಾತಾಯಿತೋ ತಿಳಿಯದು, ಬೇಸಿಗೆಯ ಎರಡು ಬಸ್ಸುಗಳಿಗೆ ಇಬ್ಬರೂ ಒಟ್ಟಿಗೆ ನಿಂತು ಬಡಿಸಿದರು. ಭಾಗೀರಥಿಬಾಯಿಯವರು ಎರಡನೆಯ ಸಲ ಬಂದಾಗ ಶಿರಸಿಯ ಖಾನಾವಳಿಯ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಯೋಚಿಸಿ, ಒಳಗೆ ಬಾರದೆ, ಒಂದು ಲೋಟ ಹಾಲು ಮಾತ್ರ ತೆಗೆದುಕೊಂಡರು. ಅದು ತಮ್ಮ ಖಾನಾವಳಿಯ ಹಾಲೆಂದು ತಿಳಿದೇ ಕುಡಿದರೆಂದು ಗುರುಶಾಂತವ್ವನವರು ಸಂತೋಷಪಟ್ಟರು.

ಈಗ ದಿನದ ಆಡಳಿತ ಬಿಟ್ಟರೂ ಅವರ ಕೆಲಸ ಮುಗಿದಿಲ್ಲ. ಸಿದ್ದಾಪುರದಲ್ಲಿ ಕೋಣೆಗಳನ್ನು ಮಾಡಿಸುವ ಹೊಣೆಯನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಮಾತೃಶ್ರೀ ಗುರುಶಾಂತವ್ವನವರಿಗೆ ಶಿವನು ನೂರು ವರ್ಷದ ಆಯುಸ್ಸನ್ನೂ, ಅಷ್ಟು ವರ್ಷ ನಿಂತು ದುಡಿಯುವ ಕಾಲನ್ನೂ ಕರುಣಿಸಲಿ. ಅವರ ಹಿಂದೆ ಬರುವವರು ಇದಕ್ಕಿಂತ ಒಳ್ಳೆಯ ಕೋಣೆ ಕಟ್ಟಿಯಾರು, ಮೆತ್ತನೆಯ ಹಾಸಿಗೆ ಹಾಕಿಯಾರು. ಕೆಟ್ಟ ಸುದ್ದಿ ಬಂದ ದಿನ ಬಸ್ಸಿನ ಬಾಗಿಲಲ್ಲಿ ನಿಂತು, ಎಂಜಿನ್ ಆರುವ ಮೊದಲೇ ಅದನ್ನು ಹೇಳುವ ಧೈರ್ಯವೂ ಅವರಿಗೆಲ್ಲ ಬರಲಿ.